ಮಾಮೆ ಇಲ್ಲದ ಮೊದಲ ಕೊಯ್ಲು

ಪೊಕುವಾ ಮಾಮೆಯವರ ಮಕ್ಕಳೇ, ಕುಟುಂಬದ ಹಿರಿಯರೇ, ನಮ್ಮ ಕುಮಾಸಿ ಮಾರುಕಟ್ಟೆಯ ಟೊಮೆಟೊ ಸಾಲಿನ ಅಕ್ಕಂದಿರೇ, ಲಾರಿಯ ಅಣ್ಣಂದಿರೇ, ಉತ್ತರದ ಗಡಿಯೂರು ನವ್ರೊಂಗೊದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ರೈತ ಬಂಧುಗಳೇ — ಎಲ್ಲರಿಗೂ ನಮಸ್ಕಾರ.

ಬೆನ್ನಿಗೆ ಕಟ್ಟಿಕೊಂಡ ಮಗಳು ನಡುವೆ ಅತ್ತರೆ ಕ್ಷಮಿಸಿ. ರಾತ್ರಿ ಅವಳೂ ಮಲಗಲಿಲ್ಲ, ನನ್ನನ್ನೂ ಬಿಡಲಿಲ್ಲ. ಬಿಟ್ಟಿದ್ದರೂ ನಿದ್ದೆ ಎಲ್ಲಿ ಬರುತ್ತಿತ್ತು? ಒಂದೇ ಯೋಚನೆ — ನಾವೆಲ್ಲ ತಾಯಿಯೆಂದೇ ಕರೆದ ನಮ್ಮ ಮಾಮೆ ಇನ್ನಿಲ್ಲ. ಇನ್ನು ನವ್ರೊಂಗೊದ ಹೊಲಗಳಲ್ಲಿ ಯಾರ ಮುಖ ನೋಡಿ ಹಣ್ಣು ಕೀಳುತ್ತಾರೆ?

ಕಿತ್ತ ಟೊಮೆಟೊ ಯಾರಿಗೂ ಕಾಯುವುದಿಲ್ಲ. ಅದಕ್ಕೇ ನಾವು ವ್ಯಾಪಾರದ ಹೆಂಗಸರು ನಮ್ಮ ಖಾಲಿ ಪೆಟ್ಟಿಗೆಗಳನ್ನು ಹೊತ್ತು ಅಷ್ಟು ದೂರ ಹೋಗುವುದು. ಪೆಟ್ಟಿಗೆ ಬದುವಿನ ಮೇಲೆ ಇಳಿದ ಮೇಲೆಯೇ ರೈತ ಮೊದಲ ಹಣ್ಣಿಗೆ ಕೈ ಹಾಕುವುದು. ಕಾಗದವಿಲ್ಲ, ಸಹಿಯಿಲ್ಲ. ಪೆಟ್ಟಿಗೆ ಇಳಿಯಿತೆಂದರೆ ಮಾತು ಕೊಟ್ಟ ಹಾಗೆ.

ಬೆಲೆ ತೂಕಕ್ಕಲ್ಲ, ಪೆಟ್ಟಿಗೆಗೆ; ಆ ಪೆಟ್ಟಿಗೆಯ ಗಾತ್ರಕ್ಕಾಗಿ ಎಷ್ಟು ಜಗಳ! ಇಗೋ, ಮುಂದೆ ಕೂತಿದ್ದಾರಲ್ಲ ನವ್ರೊಂಗೊದ ರೈತ ಅಡೊಂಗೊ ಅಣ್ಣ — ಪ್ರತಿ ಸಲವೂ ಇವರದು ಅದೇ ರಾಗ.

"ಏನ್ ಮಾಮೆ, ನಿಮ್ಮ ಪೆಟ್ಟಿಗೆ ವರ್ಷಾ ವರ್ಷಾ ಬಸುರಿ ಆಗುತ್ತಲ್ಲ!"

"ನಿನ್ನ ಹಣ್ಣೇ ಬಡಕಲು ಕಣೋ. ನನ್ನ ಪೆಟ್ಟಿಗೆ ಮೇಲೆ ಯಾಕೋ ಗೂಬೆ ಕೂರಿಸ್ತೀಯ?"

ನಗಿ, ನಗಿ. ಮಾಮೆಗೆ ಅಳುಮೋರೆ ಕಂಡರೆ ಆಗುತ್ತಿರಲಿಲ್ಲ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ, ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದವಳು. ಮಾಮೆ ಬಂದು ಹೇಳಿದರು — "ಓದಿದ್ದು ಕೊಳೆಯಲ್ಲ, ಟೊಮೆಟೊ ಕೊಳೆಯುತ್ತೆ. ಎದ್ದು ಬಾ, ಮೊದಲು ಈ ಪೆಟ್ಟಿಗೆ ಹಿಡಿ."

ಹೋದ ಸುಗ್ಗಿ ನಿಮಗೆಲ್ಲ ನೆನಪಿದೆ. ಗಡಿಯಾಚೆಯ ಬುರ್ಕಿನಾದಿಂದ ಟೊಮೆಟೊ ಲಾರಿಗಳು ಒಂದರ ಹಿಂದೊಂದು ನುಗ್ಗಿದವು, ಬೆಲೆ ಬಿತ್ತು. ಎಷ್ಟೋ ವ್ಯಾಪಾರಿಗಳು ತಮ್ಮ ರೈತರನ್ನು ಕೈಬಿಟ್ಟರು. ಮಾಮೆ ಅಡೊಂಗೊ ಅಣ್ಣನಿಗೆ ಮಾತು ಕೊಟ್ಟಾಗಿತ್ತು. ಆದರೆ ಕಾಲು ಬಾತು ಏಳುವಂತಿರಲಿಲ್ಲ. ನನ್ನನ್ನು ಕಳಿಸಿದರು. ಮಗಳಿಗೆ ಆಗಿನ್ನೂ ಕತ್ತು ನಿಂತಿರಲಿಲ್ಲ.

ಅಣ್ಣ ಲಾರಿಯೊಳಗೆ ಇಣುಕಿ ನೋಡಿದರು. "ಮಾಮೆ ಎಲ್ಲಿ?"

"ಅವರು ಬರಲಿಲ್ಲ ಅಣ್ಣ. ನನ್ನ ಕಳಿಸಿದ್ದಾರೆ."

"ಹಾಗಾದ್ರೆ ಪೆಟ್ಟಿಗೆ ವಾಪಸ್ ಹೇರ್ಕೊಳಮ್ಮ. ಹಿಂದೆ ಒಬ್ಬಳು ಹೀಗೇ ಬಂದಿದ್ಲು. ನಾವು ಕಿತ್ತು ಗುಡ್ಡೆ ಹಾಕಿದ ಮೇಲೆ, ಬೆಲೆ ಬಿತ್ತು ಅಂತ ಲಾರಿ ತಿರುಗಿಸ್ಕೊಂಡು ಹೋದ್ಲು. ಆಮೇಲೆ ಆ ಹಣ್ಣನ್ನ ಆಡೂ ಮೂಸಲಿಲ್ಲ."

ನಾನು ಅಳುತ್ತಾ ಮಾಮೆಗೆ ಫೋನ್ ಮಾಡಿದೆ.

"ಅಳಬೇಡ್ವೇ ಹುಚ್ಚಿ. ಪೆಟ್ಟಿಗೆ ಇಳಿಸಿ ಲಾರೀನ ಅಲ್ಲಿನ ಪೇಟೆಗೆ ಕಳಿಸಿಬಿಡು. ನೀನೂ ಮಗೂನೂ ಅಲ್ಲೇ ಉಳ್ಕೊಳ್ಳಿ."

"ಲಾರಿ ಹೋದ್ರೆ ನಾನು ಹೇಗೆ ಬರಲಿ ಮಾಮೆ?"

"ಅದೇ ಕಣೇ! ನಿನಗೆ ಓಡಿಹೋಗೋಕೆ ದಾರಿ ಇಲ್ಲ ಅಂತ ಅವನ ಕಣ್ಣಿಗೆ ಕಾಣ್ಲಿ. ಹಣ್ಣು ಕಿತ್ತ ಮೇಲೆ ಲಾರಿ ವಾಪಸ್ ಬರುತ್ತೆ."

ಲಾರಿ ಹೋಯಿತು. ಅಡೊಂಗೊ ಅಣ್ಣ ಧೂಳು ಅಡಗುವವರೆಗೂ ನೋಡುತ್ತಾ ನಿಂತರು. ಆಮೇಲೆ — ಹೀಗೆ, ತಲೆ ಕೆರೆದುಕೊಂಡು — ನಕ್ಕುಬಿಟ್ಟರು. "ನಿಮ್ಮ ಮಾಮೆ ಭಾರಿ ಪಾಕಡಾ ಹೆಂಗಸು."

ಅವರ ಹೆಂಡತಿ ಅತಂಪೊಕಾ ಅಕ್ಕ ನನ್ನ ಬೆನ್ನಿನಿಂದ ಮಗುವನ್ನು ಬಿಚ್ಚಿಕೊಂಡರು. ಅವಳಿಗೆ ಬಿಸಿನೀರು ಹೊಯ್ದರು. ನನಗೆ ಸಜ್ಜೆಯ ಮುದ್ದೆ, ಬೆಂಡೆಕಾಯಿ ಸಾರು ಬಡಿಸಿದರು. "ಉಣ್ಣು, ಎದೆಹಾಲು ಬತ್ತೀತು" ಎಂದು ಬೈದರು. ಮಗಳು ಹುಟ್ಟಿದ ಮೇಲೆ ನಾನು ಕಣ್ತುಂಬ ನಿದ್ದೆ ಮಾಡಿದ್ದು ಆ ಮನೆಯಲ್ಲೇ. ಬೆಳಗ್ಗೆ ಎದ್ದಾಗ ಮನೆಮಂದಿಯೆಲ್ಲ ಹೊಲದಲ್ಲಿದ್ದರು — ಹಣ್ಣು ಕೀಳುತ್ತಿದ್ದರು!

ಮಾಮೆ ಹೇಳಿದಂತೆ ಲಾರಿ ಮರಳಿ ಬಂತು. ಆ ಹೇರಿನಲ್ಲಿ ಮಾಮೆಗೆ ನಷ್ಟವೇ ಆಯಿತು. ಆಡಿದ ಬೆಲೆಯಲ್ಲಿ ಮಾತ್ರ ಚೂರೂ ಕಡಿಮೆ ಮಾಡಲಿಲ್ಲ.

ಮಾಮೆ ನನಗೆ ಕಸುಬು ಕೊಟ್ಟರು ಎಂದು ಜನ ಹೇಳುತ್ತಾರೆ. ಕೊಟ್ಟರು, ನಿಜ. ಆದರೆ ಅದಕ್ಕಿಂತ ದೊಡ್ಡದು — ಕಂಡು ಕೇಳದ ಊರಿನಲ್ಲಿ ನನಗೊಂದು ತವರು ಕೊಟ್ಟರು. ಆ ಋಣ ತೀರಿಸುವಂಥದ್ದಲ್ಲ.

ಇನ್ನು ನನ್ನ ಪೆಟ್ಟಿಗೆಗೆ ಹಣ್ಣು ಕೀಳುತ್ತೀರಾ ಎಂದು ಈ ಬೆಳಗ್ಗೆ ಅಡೊಂಗೊ ಅಣ್ಣನನ್ನು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರೇ ಹತ್ತಿರ ಬಂದರು.

"ಕೆಳಗಿನ ಹೊಲ ಬಣ್ಣ ತಿರುಗಿದೆಯಮ್ಮ. ಸಾವಾಯ್ತು ಅಂತ ಹಣ್ಣು ಕಾಯುತ್ತಾ?"

"ಅಣ್ಣ... ಮಾಮೆ ಇಲ್ವಲ್ಲ."

"ಗೊತ್ತು. ಅದಕ್ಕೇ ನಾನು ಬಸ್ಸಲ್ಲಿ ವಾಪಸ್ ಹೋಗಲ್ಲ. ನಿನ್ನ ಲಾರೀಲೇ ಬರ್ತೀನಿ, ಮಾಮೆ ಬದಲು ನೀನೇ ಪೆಟ್ಟಿಗೆ ಇಳಿಸು. ಮಗೂಗೆ ಒಂದು ಕಂಬಳಿ ಇಟ್ಕೊ, ದಾರೀಲಿ ಗಾಳಿ ಜಾಸ್ತಿ."

ಅಕ್ಕಂದಿರೇ, ನಾನು ನವ್ರೊಂಗೊಗೆ ಹೋಗುತ್ತಿದ್ದೇನೆ. ಭಯ ಇದೆ. ಆದರೂ ಹೋಗುತ್ತಿದ್ದೇನೆ.

ಈಗ ಎಲ್ಲರೂ ಎದ್ದು ನಿಲ್ಲೋಣ. ಇಸಾಕಾ ಅಣ್ಣ, ಬಾಗಿಲ ಬಳಿಯ ಲಾರಿಯ ಎಂಜಿನ್ ಒಂದು ನಿಮಿಷ ಆರಿಸಿ. ಗಿರಾಕಿ ಬಂದರೂ ಯಾರೂ ಬೆಲೆ ಹೇಳಬೇಡಿ. ಮಕ್ಕಳು ಅತ್ತರೆ ಅಳಲಿ. ನಾವು ಮಾತ್ರ ಪೊಕುವಾ ಮಾಮೆಗಾಗಿ ಸುಮ್ಮನೆ ನಿಲ್ಲೋಣ.

ಅಡೊಂಗೊ ಅಣ್ಣ — ಅಲ್ಲಿ ಯಾಕೆ? ಇಲ್ಲಿ ಬನ್ನಿ, ನನ್ನ ಪಕ್ಕದಲ್ಲಿ ನಿಲ್ಲಿ.