ದೀಪದ ಮೇಲೆ ಬಿದ್ದ ಕಣಗಿಲೆ

...ಅಲ್ಲಪ್ಪ ನಿಂಗರಾಜು, ನಗ್ತೀಯ ಯಾಕೆ? ನಿಮ್ಮ ಸುಶಮೀಂದ್ರಾಚಾರ್ರು, ನಾನು, ಹೆದರಿದ್ದೀನಿ ಅಂದ್ರೆ ನಿನಗೆ ನಗುವೇ? ಈ ಗರ್ಭಗುಡಿಗೆ ನಾಗರಹಾವು ಬಂದಿತ್ತು ಕಣಯ್ಯ. ಆವತ್ತು ಹೆದರಲಿಲ್ಲ. ಹನುಮಪ್ಪ ಇದ್ದಾನೆ ಅಂತ ಮಂಗಳಾರತಿ ಮುಗಿಸಿಯೇ ಹೊರಗೆ ಬಂದೆ. ಇವತ್ತು ಮಾತ್ರ ಬೆಳಗಿನಿಂದ ಹೆದರಿಕೆ.

ಕೂತ್ಕೋ. ಕಂಬಕ್ಕೆ ಒರಗಿಕೋ. ಆ ಫೋನು ಪಕ್ಕಕ್ಕಿಡು.

ಏನು? ಕೇರಳದ ಫುಟ್‌ಬಾಲ್ ಕ್ಲಬ್ಬಿನವರು ದೀಪ ಹಚ್ಚೋ ಹೊತ್ತಿಗೆ ಫೋನ್ ಮಾಡ್ತಾರಾ? ಇವತ್ತೇ ಕಡೆಯಾ?... ಸರಿ. ಮಾಡಲಿ. ಬರೋಲ್ಲ ಅಂತ ಹೇಳಿಬಿಡು. ಅದರಲ್ಲೇನಿದೆ? ಇನ್ನೊಬ್ಬ ಮಿಡ್‌ಫೀಲ್ಡರ್ ಸಿಗ್ತಾನೆ ಅವರಿಗೆ.

ಹಾಗೆ ನೋಡಬೇಡಪ್ಪ. ನಾನು ಹೇಳಿದ್ದಲ್ಲ. ಸ್ವಾಮಿ ಹೇಳಿದ್ದು. ನಿಮ್ಮಮ್ಮ ಪುಟ್ಟತಾಯಮ್ಮ ಬೆಳಗ್ಗೆ ತಲೆಗೆ ನೀರು ಹಾಕ್ಕೊಂಡು ಬಂದರು, ಹೂವು ಕೇಳಿಸಿ ಅಂದರು. ಸ್ವಾಮಿಯ ಎರಡು ಭುಜಕ್ಕೂ ಕೆಂಪು ಕಣಗಿಲೆ ಇಟ್ಟೆ. ಮಗ ಹೋಗಬಹುದಾದರೆ ಬಲಕ್ಕೆ ಕೊಡಪ್ಪ, ಬೇಡವಾದರೆ ಎಡಕ್ಕೆ ಕೊಡು ಅಂತ ಸೆರಗೊಡ್ಡಿ ನಿಂತರು. ಹೂವು ಕೇಳಿಸಿದ್ದು ಅವರಿಗೆ ಇದೇ ಮೊದಲಂತೆ. ಹೂವು ಬಿತ್ತು. 'ಎಡಕ್ಕಾಯ್ತಲ್ಲಾ ಸ್ವಾಮಿ!' ಅಂತ ಅವರೇ ಅಂದರು. ಅವರೇ! ನಾನು... ತೀರ್ಥ ಕೊಟ್ಟೆ.

ಅಳ್ತಾ ಹೋದರಾ? ಮನೆಗೆ ಬಂದ ಮೇಲೂ ಅತ್ತರಾ?...

ತಾಯಿ ಕರುಳು. ಅಳ್ತಾರೆ. ಮಗ ಕಣ್ಮುಂದೆ ಉಳೀತಾನಲ್ಲ, ನಾಳೆ ಅವರೇ ನಗ್ತಾರೆ ನೋಡು. ಊರೂ ನಗುತ್ತೆ. ಕರಿಯಪ್ಪನ ಟೀ ಅಂಗಡಿಯಲ್ಲಿ ಮೂರು ದಿನದಿಂದ ನಿನ್ನದೇ ರಾಮಾಯಣ. ಮಾಕವಳ್ಳಿ ಕಡೆಯವನೊಬ್ಬ, 'ನಿಮ್ ನಿಂಗರಾಜಂಗೆ ತಲೇಲಿ ಚೆಂಡ್ ಒಡಿಯಾಕೆ ಬರಲ್ಲ, ಅವ್ನೆಂಥಾ ಆಟಗಾರ' ಅಂದ. ಕರಿಯಪ್ಪ ಲೋಟ ಕುಕ್ಕಿ, 'ಲೇ, ತಲೆ ಇರಾದು ಒಡಿಯಾಕಲ್ಲ ಕಣ್ಲಾ, ಯೋಚ್ನೆ ಮಾಡಾಕೆ! ನಿಮ್ಮೋರ್ಗೆ ಅದು ಗೊತ್ತಿಲ್ದೆ ಸೋಲ್ತಾವ್ರೆ' ಅಂದನಂತೆ!

ಹಾಂ, ನಕ್ಕೆಯಲ್ಲ. ಹೀಗೇ ಇರು.

ಆದರೆ ಆಮೇಲೆ ಅದೇ ಕರಿಯಪ್ಪ ಏನಂದ ಗೊತ್ತೇ? 'ಓಗ್ಲಿ ಬುಡ್ರಲಾ, ಎಷ್ಟ್ ದಿನ ಅಂತ ಕಬ್ಬಿನ್ ಗದ್ದೆ ಪಕ್ಕ ಆಡ್ತಾನೆ' ಅಂದ. ಅವನ ಮಾತು ಕಟ್ಟಿಕೊಳ್ಳಬೇಡ. ಭಾನುವಾರ ಕೆ.ಆರ್. ಪೇಟೆಯಲ್ಲಿ ಫೈನಲ್ಲು, ನಾಗಮಂಗಲದವರ ಮೇಲೆ. ನೀನಿಲ್ಲದೆ ನಮ್ಮ ಕೊಪ್ಪಲು ಟೀಮು ಅಂದ್ರೆ ಎತ್ತಿಲ್ಲದ ಗಾಡಿ. ನಿನಗೇನು ಗೊತ್ತು, ಈ ಗುಡಿ, ಮನೆ, ಗುಡಿ, ಮನೆ... ನನ್ನಂಥವನಿಗೆ ವಾರವೆಲ್ಲ ಕಾಯೋದಕ್ಕೆ ಅಂತ ಇರೋದು ಆ ಒಂದು ಭಾನುವಾರ. ಏಕಾದಶಿ ಉಪವಾಸದಲ್ಲೂ ಪಾಂಡವಪುರದ ಮೈದಾನದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವನು ನಾನು. ಮಾರನೇ ದಿನ ಮಂತ್ರವೇ ಹೊರಡಲಿಲ್ಲ. ಸ್ವಾಮಿ ಕ್ಷಮಿಸಿದ. ಅವನೂ ಸಮುದ್ರ ಹಾರಿದವನೇ ಅಲ್ಲವೇ, ಆಟ ಅಂದ್ರೆ ಅವನಿಗೂ ಗೊತ್ತು.

ಪಾಂಡವಪುರದ ಆ ಗೋಲು! ಗೋಲಿಗೆ ಬೆನ್ನು ಹಾಕಿ ಚೆಂಡು ತಗೊಂಡೆಯಲ್ಲ, ಇಬ್ಬರು ಮೈಮೇಲೆ ಬಿದ್ದರು, ಸರ್ರನೆ ತಿರುಗಿದೆಯಲ್ಲ! ಅದು ಹೇಗಯ್ಯ ಅಂತ ಕೇಳಿದ್ದಕ್ಕೆ ನೀನೇ ಹೇಳಿದ್ದೆ. 'ಎದುರಿಗೆ ನಿಂತವನ ಬಲ ನನ್ನ ಎಡ, ಆಚಾರ್ರೇ. ನಾನು ಅವನ ಜಾಗದಲ್ಲಿ ನಿಂತು ನೋಡ್ತೀನಿ, ಆಮೇಲೆ ತಿರುಗ್ತೀನಿ.' ಆಹಾ! ಎಂಥ ಮಾತು! ಎದುರಿಗೆ ನಿಂತವನ ಬಲ...

ನೀರು... ಸ್ವಲ್ಪ ನೀರು ಕುಡೀತೀನಿ ಇರು.

ಇಲ್ಲ ಇಲ್ಲ, ಜ್ವರ ಏನಿಲ್ಲ. ಹೇಳಿದೆನಲ್ಲ, ಹೆದರಿಕೆ. ಯಾಕೆ ಅಂದ್ರೆ... ಯಾರಿಗೂ ಹೇಳಬೇಡ. ನಂದಾದೀಪ ಆರಿಹೋಯ್ತು ಕಣಪ್ಪ. ಹೂಂ, ನಮ್ಮಪ್ಪನ ಕಾಲದಿಂದ ಆರದೆ ಬಂದ ದೀಪ. ಆ ಕಣಗಿಲೆ ಉರುಳಿ ನೇರ ದೀಪದ ಮೇಲೇ ಬಿತ್ತು, ಚುಂಯ್ ಅಂತು. ನಿಮ್ಮಮ್ಮ ಹೋದ ಮೇಲೆ ಹಚ್ಚಿದೆ, ಆರಿತು. ಹೊಸ ಬತ್ತಿ ಹಾಕಿದೆ, ಆರಿತು. ಗಾಳಿ ಇಲ್ಲ, ಬಾಗಿಲು ಮುಚ್ಚಿದೆ. ಎಣ್ಣೆ ತುಂಬಿದೆ. ನನ್ನ ಕೈಯಲ್ಲಿ ಮಾತ್ರ ನಿಲ್ಲೋಲ್ಲ ಅಂತಿದೆ. ಮಧ್ಯಾಹ್ನ ಅನ್ನ ಸೇರಲಿಲ್ಲ. ಕಣ್ಣು ಮುಚ್ಚಿದರೆ ಸ್ವಾಮಿ ನನ್ನನ್ನೇ ನೋಡ್ತಾನೆ, ಮಾತಾಡೋಲ್ಲ. ಬೈದಿದ್ದರೂ ಆಗ್ತಿತ್ತು! ಅವನು ಎಂದೂ ನನ್ನ ಕೈ ಬಿಟ್ಟವನಲ್ಲ ನಿಂಗರಾಜು, ಈಗ ಮಾತ್ರ...

ಏನು? ಯಾವ ದೀಪ ಅಂತಾ? ಇರೋದು ಒಂದೇ ಅಲ್ಲವೇ. ಅಗೋ ಅಲ್ಲಿ. ಜಾಗ ಬದಲಾಯಿಸೋ ಹಾಗಿಲ್ಲ, ಅಂದಿನಿಂದ ಅದು ಅಲ್ಲೇ, ಸ್ವಾಮಿಯ ಬಲ...

...

ನಿಂಗರಾಜು?

ಯಾಕೆ ಹಾಗೆ ದೀಪವನ್ನೇ ನೋಡ್ತಿದ್ದೀಯ? ನಿನ್ನ ಊರಿಗೋಸ್ಕರ... ಬೆಳಕು ಕಡಿಮೆ ಇತ್ತು ಬೆಳಗ್ಗೆ. ಮೋಡ. ಕಣ್ಣಿಗೆ ಸರಿಯಾಗಿ... ಬೈಯಿ, ಬೇಕಾದ್ರೆ ಬೈಯಿ ನನ್ನ.

ಎಲ್ಲಿಗೆ ಎದ್ದೆ? ಅಲ್ಲಿ ಬೇಡ. ಹೊಸಿಲ ಮುಂದೆ ಹಾಗೆ ನಿಲ್ಲಬೇಡ... ತಿರುಗಬೇಡಯ್ಯ! ಸ್ವಾಮಿಗೆ ಬೆನ್ನು ಮಾಡಬಾರದು, ಸ್ವಾಮಿ ನಿಂತ ಹಾಗೆ ನಿಲ್ಲಬಾರದು, ನನ್ನ ಕಡೆ ಹಾಗೆ ನೋಡಬಾರದು...

ಆ ಕೈ ಯಾಕೆ ಎತ್ತಿದೆ? ದೀಪದ ಕಡೆ ಯಾಕೆ ಚಾಚಿದೆ?

ಇಳಿಸು ಮಗು. ನಿನ್ನ ಬಲಗೈ ಅನ್ನೋದು ಕಾಣ್ತಿದೆ ನನಗೆ. ಬೆಳಗ್ಗೆ ಸ್ವಾಮಿಯದೂ ಕಂಡಿತ್ತು.

...

ಫೋನು ಹೊಡ್ಕೊಳ್ತಿದೆ.

ಅದೇ ಕೈಯಲ್ಲೇ ಎತ್ತಿಕೊಳ್ಳಪ್ಪ.