ಗಿಡ್ಡಿಗೆ ಎಟುಕದ ಚಿಲಕ

"ನೀನು ಬಂದು ಕರೆದ ದಿನ ನಾನೇ ಚಿಲಕ ತೆಗೀತೀನಿ" ಎಂದು ಎಂಟು ವರ್ಷದ ಹುಡುಗಿಯೊಬ್ಬಳು ಯುದ್ಧಕ್ಕೆ ಹೊರಟ ಅಣ್ಣನಿಗೆ ಮಾತು ಕೊಟ್ಟು ಎಪ್ಪತ್ತೆರಡು ವರ್ಷವಾಗಿತ್ತು. ಆ ಹುಡುಗಿ ಈಗ ಬೆನ್ನು ಬಾಗಿ, ಮತ್ತೆ ಎಂಟರ ಎತ್ತರಕ್ಕೇ ಇಳಿದು, ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ಹೊರಗೆ ಮಧ್ಯಾಹ್ನದಿಂದ ಹಿಡಿದ ಮಳೆ. ಸಂಜೆಯಾಗುವಷ್ಟರಲ್ಲಿ ಕರೆಂಟೂ ಹೋಗಿತ್ತು.

"ಎಲೆಕ್ಟ್ರಿಷಿಯನ್ ಮನೇಲೇ ಕತ್ತಲೆ, ಚೆನ್ನಾಗಿದೆ," ಎಂದಳು ನರ್ಸ್ ಮೊಮ್ಮಗಳು, ತಮ್ಮನ ಕೈಗೆ ಮೇಣದಬತ್ತಿ ಕೊಡುತ್ತಾ.

"ದೀಪದ ಬುಡದಲ್ಲಿ ಯಾವಾಗ್ಲೂ ಕತ್ತಲೇನೇ ಕಣಕ್ಕಾ," ಎಂದ ತಮ್ಮ.

ಅವಳು ಆಗಷ್ಟೇ ನೆನೆದು ಬಂದಿದ್ದಳು. ಸೀರೆ ತೊಯ್ದಿದ್ದರೂ ಎದೆಗವಚಿಕೊಂಡಿದ್ದ ಲಕೋಟೆ ಮಾತ್ರ ಒಣಗಿಯೇ ಇತ್ತು. ಎಂಟು ತಿಂಗಳಿಂದ ವಾರದ ರಜೆಯನ್ನೆಲ್ಲ ಸೈನ್ಯದ ದಾಖಲೆ ಕಚೇರಿಯ ಬೆಂಚಿನ ಮೇಲೆ ಸವೆಸಿ ತಂದದ್ದು. ಅವಳ ತಾತನಿಗೆ ಒಬ್ಬ ಅಣ್ಣನಿದ್ದ, ಯುದ್ಧದಲ್ಲಿ ಸತ್ತ ಎಂಬುದಷ್ಟೇ ಮನೆಯಲ್ಲಿ ಗೊತ್ತಿದ್ದ ಸಂಗತಿ. ದೊಡ್ಡಜ್ಜ ಎನ್ನುತ್ತಿದ್ದರು. ಅವನದೊಂದು ಫೋಟೋ ಕೂಡ ಇರಲಿಲ್ಲ. ಯುದ್ಧದಲ್ಲಿ ಮಡಿದವರ ನೆನಪಿಗೆ ಊರ ಚೌಕದಲ್ಲಿ ನಿಲ್ಲಿಸಲಿರುವ ಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸಬೇಕೆಂಬುದು ಅವಳ ಹಟ.

ಅಜ್ಜಿಗೆ ಉಳಿದಿದ್ದ ಒಬ್ಬನೇ ಅಣ್ಣ, ಈ ತಾತ, ಒಳಕೋಣೆಯಲ್ಲಿ ಮಲಗಿದ್ದ. ಲಕ್ವ ಹೊಡೆದು ಒಂದು ತಿಂಗಳು. ಆವತ್ತಿನಿಂದ ಬಾಯಿಂದ ಒಂದು ಮಾತಿಲ್ಲ. ಪರದೆಯಾಚೆಯಿಂದ ಅವನ ಉಸಿರು ಗರಗಸದ ಹಾಗೆ ಬಂದು ಹೋಗುತ್ತಿತ್ತು. ಕೆಲಸದ ಅಭ್ಯಾಸ, ಮೊಮ್ಮಗಳು ಏನೇ ಮಾಡುತ್ತಿದ್ದರೂ ಅದನ್ನು ಎಣಿಸುತ್ತಲೇ ಇದ್ದಳು.

"ಅಜ್ಜೀ, ನಿಮ್ಮ ದೊಡ್ಡಣ್ಣನ ಫೋಟೋ ಸಿಕ್ತು," ಎಂದು ಅವಳು ಕಾಗದವನ್ನು ಬತ್ತಿಯ ಹತ್ತಿರ ಹಿಡಿದಳು. "ಆದ್ರೆ ಒಂದು ಅರ್ಥ ಆಗ್ತಿಲ್ಲ. ವಯಸ್ಸು ಹತ್ತೊಂಬತ್ತು ಅಂತ ಬರೆದಿದೆ. ಪಕ್ಕದಲ್ಲೇ ಡಾಕ್ಟರು, 'ನೋಡಿದರೆ ಇನ್ನೂ ಚಿಕ್ಕವನು, ಮೀಸೆ ಬಂದಿಲ್ಲ, ಎಡಗಿವಿಯ ಮೇಲೆ ಹಲ್ಲಿನ ಗುರುತು' ಅಂತ ಬರೆದಿದ್ದಾರೆ. ಕೊನೇಲಿ, 'ಮಡಿದ, ದೇಹ ಸಿಕ್ಕಿಲ್ಲ.'"

ಅಜ್ಜಿ ಫೋಟೋವನ್ನು ಬಹಳ ಹೊತ್ತು ನೋಡಿದಳು.

"ಆ ಹಲ್ಲು ನಂದು," ಎಂದಳು. "ಮೂರು ವರ್ಷದೋಳಿದ್ದಾಗ ಕಚ್ಚಿದ್ದೆ. ಆದ್ರೆ ಇವನು ದೊಡ್ಡಣ್ಣ ಅಲ್ಲ ಕಣೇ."

"ಮತ್ತೆ ಯಾರು?"

"ಅದನ್ನ ಮಾತ್ರ ಕೇಳ್ಬೇಡ... ಆ ಒಂದು ಮಾತೇ ಅವನನ್ನ ಕೊಂದಿದ್ದು." ಅಜ್ಜಿ ಪರದೆಯ ಕಡೆ ತಿರುಗಿ, ಒಳಗೂ ಕೇಳುವಷ್ಟು ದನಿ ಏರಿಸಿದಳು. "ಕೂತ್ಕೊಳ್ಳಿ ಇಬ್ಬರೂ. ಹೇಳ್ತೀನಿ."

"ಅಪ್ಪ ಇರ್ಲಿಲ್ಲ ನಮಗೆ. ಅಮ್ಮ, ಇಬ್ಬರು ಅಣ್ಣಂದಿರು, ನಾನು. ಮನೆಗೊಬ್ಬ ಗಂಡಸು ಯುದ್ಧಕ್ಕೆ ಬರ್ಬೇಕು ಅಂತ ದೊಡ್ಡಣ್ಣನ ಹೆಸರಿಗೆ ಕಾಗದ ಬಂತು. ಅಮ್ಮಂಗೆ ದೊಡ್ಡಣ್ಣ ಅಂದ್ರೆ ಜೀವ. ಚಿಕ್ಕಣ್ಣನ್ನ ಕೂರಿಸ್ಕೊಂಡು ಏನಂದ್ಲು ಗೊತ್ತಾ? 'ದೊಡ್ಡೋನು ಮನೆ ನಡೆಸ್ಬೇಕು. ನೀನು ಇದ್ರೂ ಅಷ್ಟೇ, ಹೋದ್ರೂ ಅಷ್ಟೇ. ಅವನ ಹೆಸರು ಹೇಳ್ಕೊಂಡು ನೀನು ಹೋಗು.' ಹದಿನೇಳು ವರ್ಷ ಅವನಿಗೆ... ನಗ್ತಾ ನಗ್ತಾ ಹೂಂ ಅಂದ. ದೊಡ್ಡಣ್ಣ ಒಂದು ಮಾತು ಬೇಡ ಅನ್ಲಿಲ್ಲ, ಒಳಗಿಂದ ತನ್ನ ಶರ್ಟು ತಂದು ಕೊಟ್ಟ, ಅಷ್ಟೇ. ಹೊರಡೋವಾಗ ನಾನು ಬಾಗಿಲಲ್ಲಿ ನಿಂತು ಮಾತು ಕೊಟ್ಟೆ, ನೀನು ಬಂದ ದಿನ ನಾನೇ ಚಿಲಕ ತೆಗೀತೀನಿ ಅಂತ. 'ನಿನ್ನ ಕೈಗೆ ಎಟುಕಲ್ವಲ್ಲೇ ಗಿಡ್ಡಿ!' ಅಂದ. ನೀನು ಬರೋಷ್ಟರಲ್ಲಿ ಬೆಳೆದಿರ್ತೀನಿ ಅಂದೆ.

"ಅವನು ಹೊರಡೋ ಹಿಂದಿನ ದಿನಾನೇ ನಾವು ಈ ಮನೆಗೆ ಬಂದಿದ್ದು. ಬೀದೀಲಿ ಯಾರಿಗೂ ನಮ್ಮ ಗುರುತಿಲ್ಲ. ಹಾಗಾಗಿ ದೊಡ್ಡಣ್ಣ ತಮ್ಮನ ಹೆಸರಿಟ್ಕೊಂಡು ಚಿಕ್ಕೋನಾಗೋದು ಕಷ್ಟ ಆಗ್ಲಿಲ್ಲ. ಕಷ್ಟ ಆಗಿದ್ದು ನನಗೆ. ದೊಡ್ಡಣ್ಣಾ ಅಂತ ಬಾಯಿ ತಪ್ಪಿ ಕರೆದಾಗಲೆಲ್ಲ ಅಮ್ಮ ತೊಡೆ ಚಿವುಟೋಳು. ನಿಮ್ಮ ತಾತನ್ನ ನಾನು ಯಾವತ್ತಾದ್ರೂ ಅಣ್ಣಾ ಅಂತ ಕರೆದಿದ್ದು ಕೇಳಿದ್ದೀರಾ?"

ಮೊಮ್ಮಗಳು ನೆನಪು ಮಾಡಿಕೊಂಡಳು. ಇಲ್ಲ. 'ಏಯ್' ಅನ್ನುತ್ತಿದ್ದಳು, 'ಇವನೇ' ಅನ್ನುತ್ತಿದ್ದಳು. ಒಳಕೋಣೆಯ ಉಸಿರು ಒಂದು ಎಣಿಕೆ ತಪ್ಪಿತು.

"ಎರಡು ವರ್ಷಕ್ಕೆ ತಂತಿ ಬಂತು, ದೊಡ್ಡೋನು ಮಡಿದ ಅಂತ. ಅಮ್ಮ ದೊಡ್ಡೋನನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ದೊಡ್ಡೋನಿಗಾಗಿ ಅತ್ತಳು. ಬೀದಿಯೋರೆಲ್ಲ ಬಂದು ಕಣ್ಣೊರೆಸಿದ್ರು. ಅದಾಗಿ ಮೂರು ತಿಂಗಳು... ಇಂಥದೇ ಮಳೆ, ಇದೇ ಹೊತ್ತು. ಬಾಗಿಲು ತಟ್ಟಿದ ಸದ್ದಾಯ್ತು.

"'ಯಾರು?' ಅಂದ್ಲು ಅಮ್ಮ.

"'ನಾನು.'

"ಆ ದನಿ ನನಗೆ ಗೊತ್ತಾಗ್ಲಿಲ್ವಾ? ಅಮ್ಮಂಗೆ ಗೊತ್ತಾಗ್ಲಿಲ್ವಾ? ಹೆತ್ತ ಹೊಟ್ಟೆ ಕಣ್ರೋ ಅದು! ನಾನು ಓಡಿದೆ. ಅಮ್ಮ ಹಿಂದಿನಿಂದ ಹಿಡಿದು ಬಾಯಿ ಮುಚ್ಚಿದ್ಲು. ಸತ್ತೋನು ಬದುಕಿ ಬಂದ ಅಂದ್ರೆ ವಿಚಾರಣೆ ಆಗ್ತದೆ, ಹೆಸರು ಬದಲಾಯಿಸಿದ್ದು ಹೊರಗೆ ಬೀಳ್ತದೆ, ದೊಡ್ಡೋನನ್ನ ಕೈಗೆ ಬೇಡಿ ಹಾಕಿ ಎಳ್ಕೊಂಡು ಹೋಗ್ತಾರೆ. ಅವಳ ತಲೇಲಿ ಅದೊಂದೇ. ಬಾಗಿಲಿಗೆ ಮುಖ ಇಟ್ಟು ಕೇಳಿದ್ಲು, 'ನಾನು ಅಂದ್ರೆ ಯಾರು?'

"ಅವನು ತನ್ನ ಹೆಸರು ಹೇಳಿದ. 'ಆ ಹೆಸರಿನೋನು ಒಳಗೇ ಇದ್ದಾನೆ' ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು ಅಣ್ಣನ ಹೆಸರು ಹೇಳಿದ. 'ಆ ಹೆಸರಿನೋನು ಸತ್ತು ಮೂರು ತಿಂಗಳಾಯ್ತು. ನೀನು ಯಾರಪ್ಪಾ?' ಅಂದ್ಲು.

"ಏನು ಹೇಳ್ತಾನೆ? ಹೇಳೋಕೆ ಇನ್ಯಾವ ಹೆಸರಿತ್ತು ಅವನ ಹತ್ರ?... ಬಾಗಿಲಿಗೆ ಬೆನ್ನು ಜಾರಿಸ್ಕೊಂಡು ಕೂತ ಸದ್ದು ಬಂತು. ಆಮೇಲೆ ರಾತ್ರಿಯೆಲ್ಲ ಕೆಮ್ಮು. ಆಮೇಲೆ ಅದೂ ಇಲ್ಲ.

"ಬೆಳಿಗ್ಗೆ ಅಮ್ಮ ಬಾಗಿಲು ತೆಗೆದು, ಬೀದಿಯೋರ ಮುಂದೆ ಬಾಯಿಗೆ ಸೆರಗು ಹಿಡಿದು, 'ಅಯ್ಯೋ ಪಾಪ, ಯಾರು ಹೆತ್ತ ಮಗನೋ' ಅಂದ್ಲು. ಅನಾಥ ಹೆಣದ ಗಾಡಿ ಬಂತು. ಗಾಡಿಯೋನು ತಲೆ ಹಿಡಿದ, ದೊಡ್ಡಣ್ಣ ಕಾಲು ಹಿಡಿದ. ಕಾಲು ಹಿಡ್ಕೊಂಡು ಎತ್ತಿ ಗಾಡಿಗೆ ಹಾಕಿದ ಕಣ್ರೋ, ಮೂಟೆ ಹಾಕಿದ ಹಾಗೆ. ಗಾಡಿಯೋನು ಪುಸ್ತಕ ತೆಗೆದು 'ಹೆಸರು?' ಅಂದಾಗ, 'ಗೊತ್ತಿಲ್ಲ' ಅಂದೋನು ಅವನೇ."

ತಮ್ಮ ಕರಗುತ್ತಿದ್ದ ಮೇಣದಬತ್ತಿಯನ್ನು ನೆಲಕ್ಕೆ ಒತ್ತಿ ನಿಲ್ಲಿಸಿದ.

"ಮುಂದಿನ ಮಳೆಗೆ ಮತ್ತೆ ಬಾಗಿಲು ತಟ್ಟಿತು. 'ನಾನು.' ಅಮ್ಮ ಹೆದರ್ಲಿಲ್ಲ, ಅವಳಿಗೆ ಮದ್ದು ಗೊತ್ತಿತ್ತು. 'ನಾನು ಅಂದ್ರೆ ಯಾರು?' ಅಷ್ಟೇ... ಮತ್ತೆ ಬೆನ್ನು ಜಾರಿದ ಸದ್ದು. ಪ್ರತಿ ಮಳೆಗೂ ಹೀಗೇ. ಒಂದು ಸಲ ನಾನು ಸ್ಟೂಲ್ ಹತ್ತಿ ಚಿಲಕಕ್ಕೆ ಕೈ ಹಾಕಿದೆ. ಅಮ್ಮ ಅದೇ ಚಿಲಕಕ್ಕೆ ನನ್ನ ಬೆರಳು ಇಟ್ಟು ಜಜ್ಜಿದ್ಲು. ನೋಡಿ, ಇವತ್ತಿಗೂ ಸೊಟ್ಟ. ದೊಡ್ಡಣ್ಣ ಚಿಲಕ ಕಿತ್ತು ಒಂದು ಗೇಣು ಮೇಲೆ ಹೊಡೆದ. ನಾನು ಬೆಳೆದ ಹಾಗೆಲ್ಲ ಚಿಲಕಾನೂ ಬೆಳೀತು."

ಬಾಗಿಲ ಮೇಲೆ ಸಾಲಾಗಿ ಹತ್ತಿದ ಮೊಳೆಯ ತೂತುಗಳು ಮೊಮ್ಮಗಳಿಗೆ ಹುಟ್ಟಿದಾಗಿನಿಂದ ಪರಿಚಯ. ಮಕ್ಕಳ ಎತ್ತರ ಅಳೆದ ಗುರುತು ಎಂದು ತಾತನೇ ಹೇಳಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಅಮ್ಮ ಹೋದ ಮೇಲೆ ಕೇಳೋ ಕೆಲಸ ಇವನದಾಯ್ತು. ಮಳೆ ಬಂತಂದ್ರೆ ನಿಮ್ಮ ತಾತ ಕುರ್ಚಿ ಎಳ್ಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂರ್ತಿದ್ದಿದ್ದು ಯಾಕೆ ಅಂದ್ಕೊಂಡ್ರಿ? ತಣ್ಣನೆ ಗಾಳಿಗಾ?"

"ನೀವು ದೊಡ್ಡವರಾದ ಮೇಲಾದ್ರೂ ತೆಗೀಬಹುದಿತ್ತಲ್ಲ ಅಜ್ಜೀ," ಎಂದಳು ಮೊಮ್ಮಗಳು.

"ಅವನ ಅನ್ನ ತಿಂತಿದ್ದೆ ಕಣೇ. ತಿನ್ನೋ ಬಾಯಿ ಮಾತಾಡಲ್ಲ." ಅಜ್ಜಿ ಸೊಟ್ಟ ಬೆರಳನ್ನು ನೀವಿಕೊಂಡಳು. "ಆಮೇಲಾಮೇಲೆ ನಾಚಿಕೆ. ಇಷ್ಟು ವರ್ಷ ಎಲ್ಲಿದ್ದೆ ಗಿಡ್ಡೀ ಅಂತ ಕೇಳಿದ್ರೆ?"

"ಈಗ್ಲೂ ಬರ್ತಾನೇನಜ್ಜಿ?" ತಮ್ಮ ನಗಲು ನೋಡಿದ.

"ಇವನು ಹಾಸಿಗೆ ಹಿಡಿದ ಮೇಲೆ ಇದೇ ಮೊದಲ್ನೇ ಮಳೆ." ಅಜ್ಜಿ ಬಾಗಿಲ ಪಕ್ಕಕ್ಕೆ ಕಣ್ಣು ತೋರಿಸಿದಳು. "ಕುರ್ಚಿ ಖಾಲಿ ಇದೆ, ಅಲ್ವಾ?"

ಬಾಗಿಲು ತಟ್ಟಿತು.

ಜೋರಾಗಿ ಅಲ್ಲ. ಹೊತ್ತು ಮೀರಿ ಮನೆಗೆ ಬಂದವರು ಬೈಸಿಕೊಳ್ಳುವ ಅಂಜಿಕೆಯಿಂದ ತಟ್ಟುವ ಹಾಗೆ.

"ನಾನು," ಎಂದಿತು ಹೊರಗಿನ ದನಿ. ಮೀಸೆ ಬರದ ಹುಡುಗನ ದನಿ.

ಯಾರು ಎಂಬ ಮಾತು ಮೊಮ್ಮಗಳ ನಾಲಗೆ ತುದಿಗೆ ತಾನಾಗಿ ಬಂದಿತ್ತು. ಅಜ್ಜಿಯ ಅಂಗೈ ಅವಳ ಬಾಯಿ ಮುಚ್ಚಿತು. ಅಷ್ಟರಲ್ಲಿ, ತಿಂಗಳಿಂದ ಮಾತು ಸತ್ತಿದ್ದ ಒಳಕೋಣೆಯಿಂದ ಹರಿದ ಬಟ್ಟೆಯಂಥ ಸದ್ದು ಹೊರಟಿತು.

"ಕೇ... ಳು. ಯಾರು... ಅಂತ... ಕೇಳೇ!"

ಅಜ್ಜಿ ಸ್ಟೂಲನ್ನು ಬಾಗಿಲಿಗೆ ಎಳೆದಳು. "ಅಲ್ಲಾಡ್ತದೆ. ಹಿಡ್ಕೋ," ಎಂದಳು.

ಮೊಮ್ಮಗಳು ಪರದೆಯ ಕಡೆ ನೋಡಿದಳು. ದಿನಾ ಮೈ ಒರೆಸಿ, ಬಾಯಿಗೆ ಗಂಜಿ ಹಾಕುವ ತಾತ. ಗಾಯವಿಲ್ಲದ ಎರಡು ಕಿವಿಯ ತಾತ. ಅವಳು ಬಗ್ಗಿ ಸ್ಟೂಲಿನ ಕಾಲುಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಕೇಳೇ, ಗಿಡ್ಡೀ..." ಎಂದಿತು ಒಳಕೋಣೆಯ ದನಿ.

ಅಜ್ಜಿ ಕೇಳಲಿಲ್ಲ. ಸೊಟ್ಟ ಬೆರಳಿನಿಂದ ಚಿಲಕ ಎಳೆದಳು. ಮಳೆಯ ತಣ್ಣನೆ ಗಾಳಿ ಅವಳನ್ನು ದಾಟಿ, ಮೊಮ್ಮಗಳನ್ನು ದಾಟಿ, ಪರದೆ ಸರಿಸಿಕೊಂಡು ಒಳಕ್ಕೆ ಹೋಯಿತು. ಅಲ್ಲಿ ಎಣಿಸಲು ಉಸಿರು ಉಳಿಯಲಿಲ್ಲ.

ಬಾಗಿಲು ತೆರೆದಿತ್ತು. ಕೊಟ್ಟ ಮಾತು ನಡೆದಿತ್ತು.