ಗೋಡೆ ಹತ್ರ ನಿಲ್ಲೋಳು

ಹಲೋ... ಯಾರು ಮಾತಾಡ್ತಿರೋದು? ಕುಳ್ಳ, ನೀನೇನಾ? ನಾನಪ್ಪಾ, ನಿನ್ ಭಾವ...

ಹಾಂ, ಊಟ ಆಯ್ತು. ನಿಂದು?... ನಾನೇ ಮಾಡ್ಕೋತೀನಿ ಕಣೋ. ನಿಮ್ಮಕ್ಕ ಹೋದ್ಮೇಲೆ ಕಲಿತೆ. ಹೊಟ್ಟೆ ಇನ್ನೂ ದೂರು ಕೊಟ್ಟಿಲ್ಲ... ಕೆಲಸದ ವಿಷಯ ಒಂದಿತ್ತು. ಬಿಡುವಿದೆಯಾ?...

ನಮ್ ವರ್ಕ್‌ಶಾಪಿನ ಮಿಲ್ಲಿಂಗ್ ಮಷೀನು. ಗುಂಡು ಕಂಬದ್ದು... ಹೂಂ, ಅದೇ ಮುದುಕ. ಹಳೇ ಪಂಪಿನ ಕವಚ ಒಂದು ಬಂದಿದೆ. ತೂತು ಸಣ್ಣದಾಗಿ ಕೊರೆದೆ. ಅದನ್ನ ಅಗಲ ಮಾಡೋ ಟೂಲು ಉದ್ದ, ಜಾಗ ಸಾಲದೇ ಹೋಯ್ತು. ಬೋಲ್ಟ್ ಸಡಿಲಿಸಿ ಮಷೀನಿನ ತಲೆ ಮೇಲಕ್ಕೆತ್ತಿದೆ...

ಇನ್ನೇನಾಗುತ್ತೆ, ಕಂಬದ ಸುತ್ತ ತಿರುಗ್ತು. ಕೂದಲೆಳೆ ಪಕ್ಕಕ್ಕೆ ಹೋದ್ರೂ ತೂತು ಕೆಟ್ಟ ಹಾಗೇ. ಅಂಥ ಕವಚ ಇನ್ನೊಂದು ಎಲ್ಲೂ ಸಿಗಲ್ವಂತೆ...

ಲೇಸರಾ? ತಲೆಗೆ ಕಟ್ಟಿದ್ದು ಉರೀತಿದೆ. ಅದರ ಚುಕ್ಕೆ ಎದುರು ಗೋಡೆಗೇ ಬೀಳ್ತಿದೆ. ಗುರುತಿನ ಗೆರೆ ಇಲ್ಲ...

ನಿಮ್ಮಕ್ಕ ಪೆನ್ಸಿಲಲ್ಲಿ ಎಳೆದಿದ್ದಳಲ್ಲ, ಅದೇ. ಯಾರ್ ಅಳಿಸ್ತಾರೆ, ನಾನೇ. ಹೋದ್ ವಾರ ಸುಣ್ಣ ಹೊಡೆದೆ... ಗಲೀಜೇನಿರ್ಲಿಲ್ಲ. ಕತ್ತೆತ್ತಿದಾಗೆಲ್ಲ ಗೆರೆ ಕಾಣೋದು, ಪಕ್ಕದಲ್ಲಿ ಅವಳಿರ್ತಿರ್ಲಿಲ್ಲ. ತಡ್ಕೊಳ್ಳೋಕಾಗ್ಲಿಲ್ಲ...

ಹೌದಪ್ಪಾ, ಎತ್ತೋ ಮುಂಚೆ ಹೊಸದೊಂದು ಎಳ್ಕೋಬೇಕಿತ್ತು. ಚುಕ್ಕೆ ಗೆರೆ ಮೇಲೆ ಬಂತಾ ಅಂತ ನೋಡೋದು ಅವಳ ಕೆಲಸ ಅಲ್ವಾ? ಬೋಲ್ಟ್ ಸಡಿಲಿಸಿ, "ಬಾರೇ, ಗೋಡೆ ಹತ್ರ ನಿಲ್ಲು" ಅಂತ ಕೂಗೇಬಿಟ್ಟೆ. ಎಂಟು ತಿಂಗಳಾಯ್ತು, ನಾಲಿಗೆಗಿನ್ನೂ ಗೊತ್ತಾಗಿಲ್ಲ...

ಹಾಂ, ಹೇಳು... ಟೇಬಲ್ಲಾ? ಅಲುಗಿಸಿಲ್ಲ. ಕವಚ ಕಚ್ಚಿಸಿದ ಹಾಗೇ ಇದೆ... ಡಯಲ್ ಗೇಜನ್ನ ಟೂಲು ಹಿಡಿಯೋ ಚಕ್‌ಗೆ ಹಾಕ್ಬೇಕಾ... ಮೂತಿ ತೂತಿನ ಒಳಮೈಗೆ ತಾಗ್ಬೇಕು... ಕೈಯಲ್ಲಿ ಸುತ್ತಿಸಿ ಗೇಜಿನ ಮುಳ್ಳು ಎಡಗಡೆ ಎಷ್ಟು, ಬಲಗಡೆ ಎಷ್ಟು ತೋರಿಸುತ್ತೆ ಅಂತ ನೋಡೋದು... ಎರಡೂ ಒಂದಾಗೋವರೆಗೆ ಮಷೀನಿನ ತಲೆ ತಟ್ಟೋದು. ತಡಿ, ಫೋನು ಸ್ಪೀಕರಿಗೆ ಹಾಕ್ತೀನಿ...

ಎಡ ಆರು, ಬಲ ಎರಡು... ಮೆತ್ತಗೇ ತಟ್ತಿದೀನಿ ಕಣೋ... ಎಡ ನಾಲ್ಕೂವರೆ, ಬಲ ಮೂರೂವರೆ...

ಎಡ ನಾಲ್ಕು. ಬಲ... ನಾಲ್ಕು.

ಇಷ್ಟೇನಾ?... ಅಲ್ವೋ, ಇದನ್ನ ಒಬ್ಬನೇ ಮಾಡ್ಬಹುದು. ಹಾಗಾದ್ರೆ ಇಷ್ಟು ವರ್ಷ ಅವಳನ್ನ ಒಲೆ ಮುಂದಿಂದ ಎಬ್ಬಿಸಿ ಗೋಡೆ ಹತ್ರ ನಿಲ್ಲಿಸಿದ್ದು? ನೀನೂ ಇಲ್ಲೇ ಕೆಲಸ ಮಾಡ್ತಿದ್ದೆ, ಆಗ್ಲೇ ಯಾಕೋ ಹೇಳ್ಲಿಲ್ಲ?...

ಯಾರಿಗೆ ಹೇಳಿದ್ದೆ?... ಅವಳಿಗಾ?...

ಭಾವಂಗೆ ಹೇಳ್ಬೇಡ ಅಂದ್ಲಾ. ಯಾಕಂತೆ?...

ಇನ್ನೊಂದ್ಸಲ ಹೇಳು... "ದಿನಕ್ಕೊಂದ್ಸಲ ಆದ್ರೂ ಬಾರೇ ಅಂತ ಕರೀತಾರೆ, ಅದನ್ನೂ ತಪ್ಪಿಸ್ಬೇಡ್ವೋ" ಅಂತ. ಹಾಗೇ ಅಂದ್ಲಾ?...

ಇಲ್ಲ, ಅಳ್ತಿಲ್ಲ... ಅಳ್ತಿದೀನಿ, ಬಿಡು. ದಿನಕ್ಕೊಂದ್ಸಲ. ಹತ್ತು ಸಲ ಕರೆದಿದ್ರೆ ನನ್ನ ಗಂಟೇನು ಹೋಗ್ತಿತ್ತು?...

ಕುಳ್ಳ, ಬೋಲ್ಟ್ ಬಿಗಿ ಮಾಡ್ಬೇಕು. ಆಗ್ಲೇ ಅದು ಕದಲೋದು. ನೀನೇನೂ ಹೇಳೋದ್ಬೇಡ, ಸುಮ್ನೆ ಲೈನಲ್ಲಿರು. ಅವಳೂ ಪೂರ್ತಿ ಬಿಗಿಯಾಗೋವರೆಗೆ ನಿಂತಿರ್ತಿದ್ಲು...

ಇದೀಯಾ?... ಇನ್ನು ಕಾಲು ಸುತ್ತು...

ಹಾಂ. ಎರಡು ಕಡೆಯೂ ನಾಲ್ಕೇ. ಆಯ್ತು ಕಣೇ, ಇನ್ನು ಹೋಗು...

ಹಲೋ?... ಕುಳ್ಳ, ಇದೀಯೇನೋ?... ಹೋಗು ಅಂದಿದ್ದು ನಿನಗಲ್ವೋ... ಹಲೋ...